ಯಾರ ತೊಂದರೆಗೆ ಹುಟ್ಟಿದ ಎಡಿಟರ್ ಇದು?

1976ರ ಸುಮಾರಿಗೆ ಅಮೆರಿಕದ ಲಿಯರ್ ಸೀಗ್ಲರ್ ಕಂಪನಿ ಎಡಿಎಂ-3ಎ ಎಂಬ ಟರ್ಮಿನಲ್ ತಯಾರಿಸಿ ಮಾರತೊಡಗಿತು. ಪರದೆಯೂ ಕೀಬೋರ್ಡೂ ಒಂದೇ ಒಡಲಿನಲ್ಲಿದ್ದ, ಆ ಕಾಲಕ್ಕೆ ಅಗ್ಗ ಎನಿಸಿಕೊಂಡಿದ್ದ ಯಂತ್ರ ಅದು. ಅದರಲ್ಲಿ ಬಾಣದ ಕೀಗಳು ಬೇರೆಯಾಗಿ ಇರಲಿಲ್ಲ. ಎಚ್, ಜೆ, ಕೆ, ಎಲ್ ಅಕ್ಷರಗಳ ಕೀಗಳ ಮೇಲೆಯೇ ಎಡ, ಕೆಳಗೆ, ಮೇಲೆ, ಬಲ ಎಂದು ನಾಲ್ಕು ಬಾಣ ಅಚ್ಚಾಗಿದ್ದವು. ಇಂದು ಟ್ಯಾಬ್ ಕೀ ಇರುವ ಕಡೆ ಎಸ್ಕೇಪ್ ಇತ್ತು. ಎಡಗೈ ಕಿರುಬೆರಳು ಚಾಚಿದರೆ ಸಿಗುತ್ತಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ವಿಐ ಎಡಿಟರ್ ಬರೆದದ್ದು ಇಂಥ ಟರ್ಮಿನಲ್ ಮುಂದೆ ಕುಳಿತು. ಆ ಯಂತ್ರ ಮ್ಯೂಸಿಯಂ ಸೇರಿ ದಶಕಗಳಾದವು. ಆದರೂ ಇವತ್ತು ಬೆಂಗಳೂರಿನ ಯಾವುದೋ ಪಿಜಿಯಲ್ಲಿ ಕುಳಿತು ವಿಐನ ಮರಿಯಾದ ವಿಮ್ ಕಲಿಯುವ ಹುಡುಗಿ, ಲ್ಯಾಪ್‌ಟಾಪ್‌ನಲ್ಲಿ ಬಾಣದ ಕೀಗಳಿದ್ದರೂ, ಎಡಕ್ಕೆ ಸರಿಯಲು ಎಚ್ ಒತ್ತುತ್ತಾಳೆ. ಮೂಲೆ ಸೇರಿರುವ ಎಸ್ಕೇಪ್ ಕೀಗಾಗಿ ಮತ್ತೆ ಮತ್ತೆ ಕೈ ಚಾಚುತ್ತಾಳೆ.

ಪ್ರೋಗ್ರಾಮಿಂಗ್‌ಗೆ ಯಾವ ಎಡಿಟರ್ ಒಳ್ಳೆಯದು ಎಂದು ಕೇಳಿದವರಿಗೆ ನಾನು ಮೊದಲು ಈ ಕೀಬೋರ್ಡಿನ ಕಥೆ ಹೇಳುತ್ತೇನೆ. ವೇಗ, ಬಣ್ಣ, ಎಕ್ಸ್‌ಟೆನ್ಷನ್‌ಗಳ ಪಟ್ಟಿ ಹಿಡಿದು ಎಡಿಟರ್‌ಗಳನ್ನು ತೂಗಿ ನೋಡುವುದು ರೂಢಿ. ಅದರಿಂದ ತಿಳಿಯುವುದು ಕಡಿಮೆ. ಒಂದೊಂದು ಎಡಿಟರೂ ಒಂದು ಕಾಲದ, ಒಂದು ಕೋಣೆಯ, ಒಂದು ಯಂತ್ರದ ತೊಂದರೆಗೆ ಯಾರೋ ಕಂಡುಕೊಂಡ ಉತ್ತರ. ಬೇರೆಯವರ ಅಳತೆಗೆ ಹೊಲಿದ ಅಂಗಿಯಂತೆ ಅದು ಕೆಲವರ ಮೈಗೆ ಸರಿಯಾಗಿ ಕೂರುತ್ತದೆ, ಕೆಲವರಿಗೆ ಕಂಕುಳಲ್ಲಿ ಬಿಗಿಯುತ್ತದೆ. ಇದು ಯಾರ ತೊಂದರೆಗೆ ಹುಟ್ಟಿದ್ದು, ಆ ತೊಂದರೆ ನನಗೂ ಇದೆಯೇ ಎಂದು ಕೇಳಿಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿಯುತ್ತದೆ.

ಕಾಗದದಿಂದ ಪರದೆಗೆ

ಮೊದಲು ಪರದೆಯೇ ಇರಲಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಇಡಿ ಎಂಬ ಎಡಿಟರ್ ಬರೆದಾಗ ಬಳಕೆಯಲ್ಲಿದ್ದದ್ದು ಟೆಲಿಟೈಪ್. ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುವ ಯಂತ್ರ. ನೂರು ಸಾಲಿನ ಪ್ರೋಗ್ರಾಮನ್ನು ಒಮ್ಮೆ ನೋಡಬೇಕೆಂದರೆ ನಿಮಿಷಗಟ್ಟಲೆ ಕಾಯಬೇಕು. ಹಾಗಾಗಿ ಇಡಿ ಕೇಳದೆ ಏನನ್ನೂ ತೋರಿಸುವುದಿಲ್ಲ. ತಪ್ಪು ಆಜ್ಞೆ ಕೊಟ್ಟರೆ ಒಂದು ಪ್ರಶ್ನೆಯ ಚಿಹ್ನೆ ಮೂಡಿಸಿ ಸುಮ್ಮನಾಗುತ್ತದೆ. ಫೈಲು ಹೇಗಿದೆ ಎಂಬುದನ್ನು ಪ್ರೋಗ್ರಾಮರ್ ತಲೆಯಲ್ಲೇ ಇಟ್ಟುಕೊಳ್ಳಬೇಕಿತ್ತು.

ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕುಲೂರಿಸ್ ಅವರ ಬಳಿ ವಿಡಿಯೊ ಟರ್ಮಿನಲ್‌ಗಳಿದ್ದವು. ಅವರು ಇಡಿಯನ್ನು ಮಾರ್ಪಡಿಸಿ, ತಿದ್ದುತ್ತಿರುವ ಸಾಲು ಕಣ್ಣೆದುರೇ ಬದಲಾಗುವಂಥ ಇಎಂ ಎಂಬ ಎಡಿಟರ್ ಮಾಡಿದರು. ಅದನ್ನು ಥಾಂಪ್ಸನ್‌ಗೆ ತೋರಿಸಿದಾಗ, ತಿದ್ದುವ ಹೊತ್ತಿನಲ್ಲಿ ಫೈಲಿನ ಸ್ಥಿತಿಯನ್ನು ನೋಡುವ ಅಗತ್ಯ ತಮಗೆ ಕಾಣುವುದಿಲ್ಲ ಎಂದು ಅವರು ಹೇಳಿದ್ದನ್ನು ಕುಲೂರಿಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಮಾತಿನಲ್ಲಿ ಹಮ್ಮು ಇತ್ತೆಂದು ನನಗನ್ನಿಸುವುದಿಲ್ಲ. ಕಾಗದದ ಮೇಲೆ ಪಳಗಿದ ಮನಸ್ಸಿಗೆ ಆ ತೊಂದರೆಯೇ ಇರಲಿಲ್ಲ. 1976ರ ಬೇಸಿಗೆಯಲ್ಲಿ ಕುಲೂರಿಸ್ ಬರ್ಕ್ಲಿಗೆ ಹೋದಾಗ ಇಎಂ ಜೊತೆಗಿತ್ತು. ಅದನ್ನು ನೋಡಿದ ಬಿಲ್ ಜಾಯ್, ಗೆಳೆಯ ಚಕ್ ಹೇಲಿ ಜೊತೆ ಸೇರಿ ಇಎಕ್ಸ್ ಎಂಬ ಎಡಿಟರ್ ಕಟ್ಟಿದರು. ಅದರ ಪೂರ್ಣ ಪರದೆಯ ರೂಪವೇ ವಿಐ.

ಜಾಯ್ ಮನೆಯಿಂದ ಕೆಲಸ ಮಾಡುತ್ತಿದ್ದದ್ದು 300 ಬಾಡ್ ಮೋಡೆಮ್‌ನಲ್ಲಿ. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ಪರದೆ ತುಂಬಲು ಒಂದು ನಿಮಿಷ ದಾಟುತ್ತದೆ. ಈ ಲೆಕ್ಕ ತಿಳಿದ ಮೇಲೆ ವಿಐ ಯಾಕೆ ಹಾಗಿದೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಆಜ್ಞೆಗಳೆಲ್ಲ ಒಂದೊಂದೇ ಅಕ್ಷರ. ಡಿ ಒತ್ತಿ ಡಬ್ಲ್ಯೂ ಒತ್ತಿದರೆ ಒಂದು ಪದ ಹೋಯಿತು. ನಡುವೆ 3 ಸೇರಿಸಿದರೆ ಮೂರು ಪದ. ಡಿ ಒತ್ತಿ ಡಾಲರ್ ಚಿಹ್ನೆ ಒತ್ತಿದರೆ ಸಾಲಿನ ಕೊನೆಯವರೆಗೂ ಅಳಿಯುತ್ತದೆ. ಚುಕ್ಕಿಯ ಕೀ ಒತ್ತಿದರೆ ಹಿಂದೆ ಮಾಡಿದ ಬದಲಾವಣೆಯೇ ಮತ್ತೊಮ್ಮೆ. ಏನು ಮಾಡಬೇಕು, ಎಷ್ಟರ ಮೇಲೆ ಮಾಡಬೇಕು ಎಂಬ ಎರಡನ್ನೂ ಜೋಡಿಸಿ ಹೇಳುವ ಪುಟ್ಟ ವ್ಯಾಕರಣ ಇದು. ಅಕ್ಷರದ ಕೀಗಳೇ ಆಜ್ಞೆಗಳಾದ್ದರಿಂದ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ ಮಾಡಬೇಕಾಯಿತು. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ವಿಮ್‌ನಿಂದ ಹೊರಬರುವುದು ಹೇಗೆ ಎಂಬ ಪ್ರಶ್ನೆಯನ್ನು ಸ್ಟಾಕ್ ಓವರ್‌ಫ್ಲೋನಲ್ಲಿ 2017ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ತೆರೆದು ನೋಡಲಾಗಿತ್ತು. ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ ಹಾಕಿ ಎಂಟರ್ ಒತ್ತಿದರೆ ಉಳಿಸದೆ ಹೊರಬರಬಹುದು.

ಮೋಡೆಮ್ ಹೋಯಿತು, ತೊಂದರೆಯೂ ಹೋಯಿತೇ? ಪೂರ್ತಿ ಹೋಗಿಲ್ಲ. ನಡುರಾತ್ರಿ ಫೋನಿನ ಹಾಟ್‌ಸ್ಪಾಟ್ ಹಚ್ಚಿ, ಸಾವಿರಾರು ಮೈಲಿ ದೂರದ ಸರ್ವರ್‌ಗೆ ಲಾಗಿನ್ ಆಗಿ, ಕಾನ್ಫಿಗ್ ಫೈಲಿನ ಒಂದು ಸಾಲು ತಿದ್ದಬೇಕಾದ ಇಂಜಿನಿಯರ್ ಹೆಚ್ಚುಕಮ್ಮಿ ಬಿಲ್ ಜಾಯ್ ಇದ್ದ ಸ್ಥಿತಿಯಲ್ಲೇ ಇರುತ್ತಾರೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಪಾಸಿಕ್ಸ್ ಮಾನದಂಡ ವಿಐಯನ್ನು ಗುರುತಿಸಿರುವುದರಿಂದ ಬಹುತೇಕ ಎಲ್ಲೆಡೆ ಅದು, ಇಲ್ಲವೇ ಅದರ ಮರಿ, ಸಿಗುತ್ತದೆ. ಇನ್ನೊಂದು ಕಾರಣ ಇನ್ನೂ ಗಟ್ಟಿಯಾದದ್ದು: ಪ್ರೋಗ್ರಾಮರ್ ಹೊಸದಾಗಿ ಟೈಪ್ ಮಾಡುವುದಕ್ಕಿಂತ ಇರುವುದನ್ನು ಓದುವುದು, ಹುಡುಕುವುದು, ತಿದ್ದುವುದು ಹೆಚ್ಚು. ವಿಐ ತೆರೆದ ಕೂಡಲೇ ಆಜ್ಞೆಯ ಸ್ಥಿತಿಯಲ್ಲಿರುತ್ತದೆ. ಆ ಕೆಲಸಕ್ಕೆ ಅದು ಮೊದಲೇ ಸಜ್ಜಾಗಿ ನಿಂತಿರುತ್ತದೆ.

ಅದೇ 1976ರಲ್ಲಿ ಅಮೆರಿಕದ ಇನ್ನೊಂದು ಕರಾವಳಿಯಲ್ಲಿ, ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ತೊಂದರೆ ಬೇರೆಯೇ ಇತ್ತು. ಅಲ್ಲಿ ನಿಧಾನದ ಫೋನ್ ತಂತಿಯ ಕಾಟ ಇರಲಿಲ್ಲ. ಟೆಕೊ ಎಂಬ ಎಡಿಟರ್‌ಗೆ ಒಬ್ಬೊಬ್ಬರೂ ತಮ್ಮದೇ ಮ್ಯಾಕ್ರೊಗಳನ್ನು ಬರೆದುಕೊಂಡಿದ್ದರು. ಒಬ್ಬರ ಕೀಗಳು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಇವನ್ನೆಲ್ಲ ಒಗ್ಗೂಡಿಸುವ ಕೆಲಸದಲ್ಲಿ ಗೈ ಸ್ಟೀಲ್, ಡೇವಿಡ್ ಮೂನ್ ಕೈಜೋಡಿಸಿದರು, ರಿಚರ್ಡ್ ಸ್ಟಾಲ್ಮನ್ ಅದನ್ನು ದಡ ಮುಟ್ಟಿಸಿದರು. ಹಾಗೆ ಹುಟ್ಟಿದ್ದು ಈಮ್ಯಾಕ್ಸ್. ಸ್ಟಾಲ್ಮನ್ ಹೊಸದಾಗಿ ಬರೆದ ಗ್ನೂ ಈಮ್ಯಾಕ್ಸ್ 1985ರಲ್ಲಿ ಹೊರಬಂತು. ಅದರ ಒಳಗೆ ಇಡೀ ಒಂದು ಲಿಸ್ಪ್ ಭಾಷೆಯಿದೆ. ಎಡಿಟರ್ ಓಡುತ್ತಿರುವಾಗಲೇ ಅದರ ನಡವಳಿಕೆಯನ್ನು ಬರೆದು ಬದಲಿಸಬಹುದು. ತಮ್ಮ ಸಾಧನವನ್ನು ತಾವೇ ಮಾಡಿಕೊಳ್ಳಬೇಕೆಂಬ ಹಂಬಲ ಇರುವವರಿಗೆ ಇವತ್ತಿಗೂ ಇದರ ಸಮಕ್ಕೆ ನಿಲ್ಲುವ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೂ ಒಂದು ಕೀಬೋರ್ಡಿನ ಋಣವಿದೆ. ಎಂಐಟಿಯ ಕೀಬೋರ್ಡುಗಳಲ್ಲಿ ಕಂಟ್ರೋಲ್ ಮತ್ತು ಮೆಟಾ ಕೀಗಳು ಸ್ಪೇಸ್ ಬಾರ್‌ನ ಆಜುಬಾಜಿನಲ್ಲೇ, ಹೆಬ್ಬೆರಳಿಗೆ ಸಿಗುವಂತಿದ್ದವು. ಇಂದಿನ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್ ಮೂಲೆ ಸೇರಿದೆ. ಈಮ್ಯಾಕ್ಸ್ ಬಳಸುವವರು ಕಿರುಬೆರಳ ನೋವಿನ ಬಗ್ಗೆ ಹೇಳಿಕೊಳ್ಳುವುದು, ಕ್ಯಾಪ್ಸ್ ಲಾಕ್ ಕೀಯನ್ನು ಕಂಟ್ರೋಲ್ ಆಗಿ ಮಾರ್ಪಡಿಸಿಕೊಳ್ಳುವುದು ಈ ಕಾರಣಕ್ಕೆ.

ವಿಐ ಕಡೆಯವರು, ಈಮ್ಯಾಕ್ಸ್ ಕಡೆಯವರು ದಶಕಗಳ ಕಾಲ ವಾದ ಮಾಡಿದ್ದಾರೆ. ಆ ವಾದದಲ್ಲಿ ಹೊಸಬರಿಗೆ ಉಪಯೋಗವಾಗುವುದು ಹೆಚ್ಚೇನಿಲ್ಲ. ಎರಡೂ ಈಗ ಎಲ್ಲೆಡೆ ಹರಡಿಕೊಂಡಿವೆ. ಲಿನಕ್ಸ್ ಬ್ಯಾಷ್‌ನಲ್ಲಿ ಸಾಲಿನ ಮೊದಲಿಗೆ ಹೋಗಲು ಕಂಟ್ರೋಲ್ ಎ ಒತ್ತುವವರು ತಿಳಿಯದೆಯೇ ಈಮ್ಯಾಕ್ಸ್ ಬಳಸುತ್ತಿದ್ದಾರೆ. ವಿಐನ ಕೀಗಳು ಬೇಕೆಂದರೆ ಅವನ್ನು ಕಲಿಸುವ ಎಕ್ಸ್‌ಟೆನ್ಷನ್ ಬಹುತೇಕ ಎಲ್ಲ ಎಡಿಟರ್‌ಗಳಿಗೂ ಇದೆ.

ನೀಲಿ ಪರದೆಯ ಪಾಠ

ನಮ್ಮಲ್ಲಿ ಬಹಳ ಮಂದಿಯ ಮೊದಲ ಎಡಿಟರ್ ಇವೆರಡೂ ಅಲ್ಲ, ಟರ್ಬೊ ಸಿ. 1983ರಲ್ಲಿ ಬೋರ್‌ಲ್ಯಾಂಡ್ ಕಂಪನಿ ಟರ್ಬೊ ಪ್ಯಾಸ್ಕಲ್ ಅನ್ನು 49.95 ಡಾಲರ್‌ಗೆ ಮಾರಿದಾಗ ಅದೊಂದು ದೊಡ್ಡ ಸುದ್ದಿ. ಎಡಿಟರ್‌ನಿಂದ ಹೊರಬಂದು, ಕಂಪೈಲರ್ ಓಡಿಸಿ, ತಪ್ಪಿನ ಸಾಲು ಗುರುತು ಹಾಕಿಕೊಂಡು, ಮತ್ತೆ ಎಡಿಟರ್ ತೆರೆಯುವ ಕಾಲದಲ್ಲಿ ಬೋರ್‌ಲ್ಯಾಂಡ್ ಎಲ್ಲವನ್ನೂ ಒಂದೇ ಕಡೆ ತಂದಿತು. ಅದೇ ದಾರಿಯಲ್ಲಿ 1987ರಲ್ಲಿ ಟರ್ಬೊ ಸಿ ಬಂತು. ಡಾಸ್ ಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಗೆ ಅದು ನಿಜವಾದ ಉಪಕಾರ. ಎಫ್2 ಒತ್ತಿ ಉಳಿಸಿ, ಆಲ್ಟ್ ಎಫ್9 ಒತ್ತಿ ಕಂಪೈಲ್ ಮಾಡಿ, ಕಂಟ್ರೋಲ್ ಎಫ್9 ಒತ್ತಿ ಓಡಿಸಿ, ಆಲ್ಟ್ ಎಫ್5 ಒತ್ತಿ ಉತ್ತರ ನೋಡಿದ ನೆನಪು ನಮ್ಮ ಇಂಜಿನಿಯರಿಂಗ್, ಬಿಸಿಎ, ಡಿಪ್ಲೊಮಾ ಲ್ಯಾಬ್‌ಗಳಲ್ಲಿ ಕಲಿತವರ ಬೆರಳಲ್ಲಿ ಇನ್ನೂ ಇದೆ.

ತೊಂದರೆ ಹೋದ ಮೇಲೂ ಉತ್ತರ ಉಳಿದುಕೊಂಡಿತು. ವಿಂಡೋಸ್ ಬದಲಾಗಿ ಟರ್ಬೊ ಸಿ ನೇರವಾಗಿ ಓಡದಂತಾದಾಗ ಡಾಸ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಹಳೆಯ ಯಂತ್ರವನ್ನೇ ಸೃಷ್ಟಿಸಿ ಅದನ್ನು ಓಡಿಸಿದ ಲ್ಯಾಬ್‌ಗಳಿವೆ. ಇದರಿಂದಾದ ನಷ್ಟ ಸಣ್ಣದಲ್ಲ. ಪರದೆ ಒರೆಸುವ ಸಾಲು, ಕೀ ಒತ್ತುವವರೆಗೆ ಕಾಯುವ ಸಾಲು, ಕೋನಿಯೊ ಹೆಡರ್, ವಾಯ್ಡ್ ಮೇನ್ ಇವೆಲ್ಲ ಸಿ ಭಾಷೆಯ ಭಾಗವೆಂದೇ ಮಕ್ಕಳು ನಂಬಿದರು. ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1998ರಲ್ಲಿ. ಲ್ಯಾಬ್‌ಗಳಲ್ಲಿ ಸಿ++ ಕಲಿಸಲು ಬಳಸಿದ ಟರ್ಬೊ ಅದಕ್ಕಿಂತ ಹಿಂದಿನದು. ಲ್ಯಾಬ್‌ನಲ್ಲಿ ಓಡಿದ ಪ್ರೋಗ್ರಾಮನ್ನು ಹೊಸ ಕಂಪೈಲರ್‌ಗೆ ಕೊಟ್ಟರೆ ಮೊದಲ ಸಾಲಿನಲ್ಲೇ ತಪ್ಪು ತೋರಿಸುತ್ತದೆ. ಜಾಣ ಮಕ್ಕಳು ಕೆಲಸದ ಮೊದಲ ದಿನ ತಮಗೆ ಏನೂ ಬಾರದೆಂದು ಕುಗ್ಗುವುದಕ್ಕೆ ಹೀಗೆ ಎಡಿಟರೇ ಕಾರಣವಾದದ್ದಿದೆ ಎಂದು ನೆನೆದರೆ ಸಂಕಟವಾಗುತ್ತದೆ.

ಬ್ರೌಸರ್ ಒಳಗಿನ ಎಡಿಟರ್

2014ರಲ್ಲಿ ಗಿಟ್‌ಹಬ್ ಕಂಪನಿ ಆಟಮ್ ಎಂಬ ಎಡಿಟರ್ ತಂದಿತು. ವೆಬ್ ಪುಟ ಕಟ್ಟುವ ತಂತ್ರದಲ್ಲೇ ಎಡಿಟರ್ ಕಟ್ಟಿದರೆ ಯಾರು ಬೇಕಾದರೂ ಅದನ್ನು ಬದಲಿಸಬಹುದು ಎಂಬುದು ಅದರ ಆಸೆ. ಅದಕ್ಕಾಗಿ ಕ್ರೋಮಿಯಂ ಬ್ರೌಸರನ್ನು ಒಳಗಿಟ್ಟುಕೊಂಡ ಎಲೆಕ್ಟ್ರಾನ್ ಎಂಬ ಚೌಕಟ್ಟು ಹುಟ್ಟಿತು. 2015ರ ಏಪ್ರಿಲ್ 29ರಂದು ಮೈಕ್ರೋಸಾಫ್ಟ್ ಅದೇ ಎಲೆಕ್ಟ್ರಾನ್ ಬಳಸಿ ವಿಷುಯಲ್ ಸ್ಟುಡಿಯೊ ಕೋಡ್ ಪ್ರಕಟಿಸಿತು. ಅದರ ಹಿಂದೆ ಇದ್ದವರು ಎಕ್ಲಿಪ್ಸ್ ಎಂಬ ಎಡಿಟರ್ ಕಟ್ಟಿದವರಲ್ಲಿ ಒಬ್ಬರಾದ ಎರಿಕ್ ಗಾಮಾ. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ ಅನ್ನೇ ಕೊಂಡಿತು. 2022ರ ಡಿಸೆಂಬರ್ 15ಕ್ಕೆ ಆಟಮ್ ಮುಚ್ಚಿತು. ಅದನ್ನೇ ನೆಚ್ಚಿಕೊಂಡು ತಮ್ಮ ಕೀಗಳನ್ನೂ ಪ್ಯಾಕೇಜುಗಳನ್ನೂ ಜೋಡಿಸಿಕೊಂಡವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಸ್ಟಾಕ್ ಓವರ್‌ಫ್ಲೋ 2024ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ 73ಕ್ಕೂ ಹೆಚ್ಚು ಮಂದಿ ವಿಎಸ್ ಕೋಡ್ ಬಳಸುವುದಾಗಿ ಹೇಳಿದ್ದರು. ಈ ಗೆಲುವಿಗೆ ಕಾರಣ ಚಂದದ ಮುಖ ಮಾತ್ರ ಅಲ್ಲ. ಮೊದಲು ಪೈಥಾನ್‌ನ ತಪ್ಪು ಗುರುತಿಸುವ, ಹೆಸರು ಪೂರ್ತಿ ಮಾಡಿಕೊಡುವ ಜಾಣ್ಮೆಯನ್ನು ಒಂದೊಂದು ಎಡಿಟರ್‌ಗೂ ಬೇರೆಬೇರೆಯಾಗಿ ಬರೆಯಬೇಕಿತ್ತು. ಹತ್ತು ಎಡಿಟರ್, ಇಪ್ಪತ್ತು ಭಾಷೆ ಎಂದರೆ ಇನ್ನೂರು ಕೆಲಸ. 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಎಂಬ ಒಪ್ಪಂದ ಪ್ರಕಟಿಸಿದವು. ಭಾಷೆಯ ಜಾಣ್ಮೆ ಪ್ರತ್ಯೇಕ ಪ್ರೋಗ್ರಾಮಿನಲ್ಲಿರುತ್ತದೆ, ಯಾವ ಎಡಿಟರ್ ಬೇಕಾದರೂ ಅದನ್ನು ಕೇಳಬಹುದು. ಇನ್ನೂರು ಹೋಗಿ ಮೂವತ್ತಾಯಿತು. ಇದು ವಿಎಸ್ ಕೋಡ್‌ಗೆ ಹುಟ್ಟಿದ್ದಾದರೂ ಅದರ ಫಲ ಎದುರಾಳಿಗಳಿಗೂ ಸಿಕ್ಕಿತು: ವಿಮ್‌ನಿಂದ ಕವಲೊಡೆದ ನಿಯೋವಿಮ್ ಅದನ್ನು ಒಳಗೇ ಸೇರಿಸಿಕೊಂಡಿದೆ, 2023ರಲ್ಲಿ ಬಂದ ಈಮ್ಯಾಕ್ಸ್ 29ರಲ್ಲೂ ಇದೆ. ಆಟಮ್‌ಗಾಗಿ ಬರೆದಿದ್ದ ಟ್ರೀ-ಸಿಟ್ಟರ್ ಎಂಬ ವಾಕ್ಯರಚನೆ ಗುರುತಿಸುವ ಸಾಧನವೂ ಅದೇ ಈಮ್ಯಾಕ್ಸ್ ಸೇರಿತು. ಹಾಗಾಗಿ ಎಡಿಟರ್ ಎಷ್ಟು ಬುದ್ಧಿವಂತ ಎಂಬುದು ಹತ್ತು ವರ್ಷದ ಹಿಂದಿನಷ್ಟು ದೊಡ್ಡ ಪ್ರಶ್ನೆಯಲ್ಲ. ಅದು ಯಾರ ಕೈಯಲ್ಲಿದೆ ಎಂಬುದು ಮೊದಲಿಗಿಂತ ದೊಡ್ಡ ಪ್ರಶ್ನೆ.

ವಿಎಸ್ ಕೋಡ್‌ನ ಮೂಲ ಕೋಡ್ ಮುಕ್ತ ಪರವಾನಗಿಯಲ್ಲಿದೆ. ನಾವು ಇಳಿಸಿಕೊಳ್ಳುವ ಮೈಕ್ರೋಸಾಫ್ಟ್ ಆವೃತ್ತಿಗೆ ಬೇರೆಯದೇ ಪರವಾನಗಿ. ಬಳಕೆಯ ಮಾಹಿತಿ ಕಳಿಸುವ ಏರ್ಪಾಡೂ ಅದರಲ್ಲಿದೆ. ಅದು ಬೇಡವೆನ್ನುವವರಿಗೆ ವಿಎಸ್‌ಕೋಡಿಯಂ ಎಂಬ ಮುಕ್ತ ಆವೃತ್ತಿ ಉಂಟು. ಆದರೆ ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಷನ್ ಮಳಿಗೆಯ ನಿಯಮಗಳು ಹೊರಗಿನ ಆವೃತ್ತಿಗಳಿಗೆ ಅವಕಾಶ ಕೊಡುವುದಿಲ್ಲ. ಕರ್ಸರ್‌ನಂಥ ಎಐ ಎಡಿಟರ್‌ಗಳು ನಿಂತಿರುವುದೂ ಇದೇ ಮೂಲ ಕೋಡಿನ ಮೇಲೆ.

ವಿಮ್‌ನದು ಬೇರೆ ದಾರಿ. ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ತಮ್ಮ ಅಮಿಗಾ ಕಂಪ್ಯೂಟರ್‌ನಲ್ಲಿ ವಿಐಯಂಥದ್ದು ಬೇಕೆಂದು ಬರೆದ ವಿಮ್ 1991ರಲ್ಲಿ ಹೊರಬಂತು. ಉಗಾಂಡಾದ ಕಿಬಾಲೆಯಲ್ಲಿ ಸ್ವಯಂಸೇವಕರಾಗಿ ಕೆಲಸ ಮಾಡಿದ್ದ ಅವರು, ವಿಮ್ ಬಳಸಿ ಮೆಚ್ಚಿದವರು ಅಲ್ಲಿನ ಮಕ್ಕಳಿಗೆ ನೆರವಾಗಿ ಎಂದು ಕೇಳಿಕೊಂಡರು. ಸುಮ್ಮನೆ ವಿಮ್ ತೆರೆದರೆ ಆ ಕೋರಿಕೆ ಈಗಲೂ ಪರದೆಯ ಮೇಲೆ ಕಾಣುತ್ತದೆ. ಮೂಲೆನಾರ್ 2023ರ ಆಗಸ್ಟ್ 3ರಂದು ತೀರಿಕೊಂಡರು. ಸಮುದಾಯ ಕೆಲಸ ಮುಂದುವರಿಸಿದೆ. ಒಬ್ಬ ಮನುಷ್ಯನ ಸಾವನ್ನು ಒಂದು ಎಡಿಟರ್ ದಾಟಿತು, ಒಂದು ಕಂಪನಿಯ ಕೊಳ್ಳುವಿಕೆಯನ್ನು ಇನ್ನೊಂದು ದಾಟಲಿಲ್ಲ. ಮೂವತ್ತು ವರ್ಷ ಕೋಡ್ ಬರೆಯಬೇಕೆಂದಿರುವವರು ಇದನ್ನು ಎದುರಿಗಿಟ್ಟುಕೊಂಡೇ ಆರಿಸಬೇಕು.

ಸ್ತ್ರೀ ಎಂದು ಟೈಪಿಸಿ ನೋಡಿ

ಕನ್ನಡದ ಪಠ್ಯದೊಡನೆ ಕೆಲಸ ಮಾಡುವವರಿಗೆ ಇಲ್ಲಿಯವರೆಗಿನ ಯಾರಿಗೂ ಇರದಿದ್ದ ತೊಂದರೆಯೊಂದಿದೆ. ಟರ್ಮಿನಲ್‌ಗಳ ಲೋಕ ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದ ಮೇಲೆ ನಿಂತಿದೆ. ಕನ್ನಡ ಆ ಚೌಕದಲ್ಲಿ ಕೂರುವುದಿಲ್ಲ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಅದು ಆರು: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ. ಯುಟಿಎಫ್-8ರಲ್ಲಿ ಉಳಿಸಿದರೆ ಒಂದೊಂದಕ್ಕೆ 3ರಂತೆ 18 ಬೈಟ್. ಬಹಳಷ್ಟು ಟರ್ಮಿನಲ್‌ಗಳಲ್ಲಿ ವಿಮ್ ತೆರೆದು ಇದನ್ನು ನೋಡಿದರೆ ಒತ್ತಕ್ಷರ ಬಿಡಿಬಿಡಿಯಾಗಿ, ಕರ್ಸರ್ ಎಲ್ಲಿದೆಯೆಂದೇ ತಿಳಿಯದಂತಾಗುತ್ತದೆ. ಇದು ವಿಮ್ ಒಂದರ ದೋಷವಲ್ಲ. ಚಿತ್ರ ಬಿಡಿಸುವ ಹೊಣೆ ಟರ್ಮಿನಲ್‌ನದು. ಬ್ರೌಸರ್ ಒಳಗಿಟ್ಟುಕೊಂಡ ವಿಎಸ್ ಕೋಡ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. 2020ರಲ್ಲಿ ಬಂದ ಈಮ್ಯಾಕ್ಸ್ 27, ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶವನ್ನು ಅಳವಡಿಸಿಕೊಂಡ ಮೇಲೆ ಅಲ್ಲೂ ಸುಧಾರಿಸಿತು. ಈಮ್ಯಾಕ್ಸ್‌ನ ಜೊತೆಗೇ ಬರುವ, ಹಲವು ಭಾಷೆಗಳಲ್ಲಿ ನಮಸ್ಕಾರ ಹೇಳುವ ಫೈಲಿನಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ, ಕನ್ನಡ ಟೈಪಿಸುವ ವಿಧಾನಗಳೂ ಅದರೊಳಗೇ ಇವೆ.

ಚೆಂದ ಕಾಣುವುದಷ್ಟೇ ಸಾಲದು. ಕಾಣದ್ದನ್ನೂ ಎಡಿಟರ್ ತೋರಿಸಬೇಕಾಗುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಕೆಳಗೆ ಕಕಾರದ ಒತ್ತು ಬಾರದಿರಲು ನಡುವೆ ಶೂನ್ಯ ಅಗಲದ, ಕಣ್ಣಿಗೆ ಬೀಳದ ಒಂದು ಅಕ್ಷರ ಹಾಕುತ್ತೇವೆ. ಅದು ಪದದ ಕೊನೆಯಲ್ಲೂ ಉಳಿದುಬಿಡುವುದುಂಟು. ಆಗ ‘ಸುರೇಶ್’ ಎಂಬ ಎರಡು ಹೆಸರು ನೋಡಲು ಒಂದೇ, ಕಂಪ್ಯೂಟರ್‌ಗೆ ಬೇರೆಬೇರೆ. ಹುಡುಕಿದರೆ ಸಿಗುವುದಿಲ್ಲ, ಪಟ್ಟಿಯಲ್ಲಿ ಒಬ್ಬರೇ ಎರಡು ಸಲ ಬರುತ್ತಾರೆ. ಕನ್ನಡದ ಹೆಸರು, ಊರು, ವಿಳಾಸಗಳ ದತ್ತಾಂಶ ಮುಟ್ಟಿದವರಿಗೆಲ್ಲ ಈ ಗೋಳು ಗೊತ್ತು. ಒತ್ತಕ್ಷರ ಕೆಡಿಸುವ ವಿಮ್ ಇಲ್ಲಿ ಕೈಹಿಡಿಯುತ್ತದೆ: ಆ ಗುಪ್ತ ಅಕ್ಷರವನ್ನು ಕೋನದ ಆವರಣದೊಳಗೆ 200ಸಿ ಎಂದು ಬಿಚ್ಚಿಟ್ಟು ತೋರಿಸುತ್ತದೆ, ಕರ್ಸರ್ ಇಟ್ಟು ಜಿ, 8 ಒತ್ತಿದರೆ ಬೈಟ್‌ಗಳೂ ಕಾಣುತ್ತವೆ. ಅದೃಶ್ಯ ಯುನಿಕೋಡ್ ಅಕ್ಷರಗಳನ್ನು ಬಳಸಿ ಕೋಡಿನಲ್ಲಿ ಮೋಸ ಮಾಡಬಹುದೆಂದು ಕೇಂಬ್ರಿಡ್ಜ್ ಸಂಶೋಧಕರು 2021ರಲ್ಲಿ ತೋರಿಸಿದ ಮೇಲೆ ವಿಎಸ್ ಕೋಡ್ ಕೂಡ ಇಂಥವುಗಳನ್ನು ಗುರುತು ಹಾಕಿ ತೋರಿಸಲು ಶುರುಮಾಡಿತು. ಕನ್ನಡಕ್ಕೆ ಕೆಲಸ ಮಾಡುವವರು ಎರಡು ಎಡಿಟರ್ ಇಟ್ಟುಕೊಳ್ಳುವುದೇ ಲೇಸು: ಓದಲು ಒಂದು, ಬಿಚ್ಚಿ ನೋಡಲು ಒಂದು.

ಅಗತ್ಯ ಎಷ್ಟು ಬೇರೆಯಾಗಿರಬಹುದು ಎನ್ನುವುದಕ್ಕೆ ಟಿ.ವಿ. ರಾಮನ್ ಅವರನ್ನು ನೆನೆಯಬೇಕು. ಕಣ್ಣು ಕಾಣದ, ಐಐಟಿ ಬಾಂಬೆಯಲ್ಲಿ ಓದಿ ಅಮೆರಿಕಕ್ಕೆ ಹೋದ ಈ ಕಂಪ್ಯೂಟರ್ ವಿಜ್ಞಾನಿ, 1995ರಲ್ಲಿ ಈಮ್ಯಾಕ್‌ಸ್ಪೀಕ್ ಬಿಡುಗಡೆ ಮಾಡಿದರು. ಪರದೆಯ ಮೇಲಿದ್ದುದನ್ನು ಸುಮ್ಮನೆ ಓದಿ ಹೇಳುವ ತಂತ್ರಾಂಶ ಅದಲ್ಲ. ಕೋಡಿನಲ್ಲಿ ಟಿಪ್ಪಣಿ ಯಾವುದು, ಭಾಷೆಯ ಕೀವರ್ಡ್ ಯಾವುದು ಎಂಬ ವ್ಯತ್ಯಾಸವನ್ನು ದನಿಯ ಏರಿಳಿತದಲ್ಲೇ ಕೇಳಿಸುತ್ತದೆ. ಈಮ್ಯಾಕ್ಸ್‌ನ ಒಳಗನ್ನು ಯಾರು ಬೇಕಾದರೂ ತಿದ್ದಬಹುದಾಗಿದ್ದರಿಂದಲೇ ಇದು ಸಾಧ್ಯವಾಯಿತು.

ಈಗ ಎಐ ಸಹಾಯಕಗಳು ಪುಟಗಟ್ಟಲೆ ಕೋಡ್ ಬರೆದು ಮುಂದಿಡುತ್ತಿವೆ. ಟೈಪ್ ಮಾಡುವ ಕೆಲಸ ಇನ್ನೂ ಕಡಿಮೆಯಾಗುತ್ತದೆ. ಬೇರೆಯವರು ಬರೆದದ್ದನ್ನು ಓದಿ, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಹಿಡಿದು, ಬೇಡದ್ದನ್ನು ಕಿತ್ತುಹಾಕುವ ಕೆಲಸ ಹೆಚ್ಚುತ್ತದೆ. ಆದ್ದರಿಂದ ಎಡಿಟರ್ ಪರೀಕ್ಷಿಸುವಾಗ ಖಾಲಿ ಫೈಲು ತೆರೆದು ಟೈಪಿಸಿ ನೋಡಬೇಡಿ. ನೀವು ಬರೆಯದ, ದೊಡ್ಡ ಪ್ರಾಜೆಕ್ಟ್ ಒಂದನ್ನು ತೆರೆಯಿರಿ. ಒಂದು ಫಂಕ್ಷನ್ ಎಲ್ಲಿ ಹುಟ್ಟಿದೆ, ಎಲ್ಲೆಲ್ಲಿ ಬಳಕೆಯಾಗಿದೆ ಹುಡುಕಿ. ಅದರ ಹೆಸರು ಬದಲಿಸಿ. ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ. ಎಲ್ಲಿ ಕೈ ತಡವರಿಸಿತೋ ಅಲ್ಲಿ ನಿಮ್ಮ ತೊಂದರೆ ಇದೆ.

ಮೊದಲ ಸೆಮಿಸ್ಟರಿನ ವಿದ್ಯಾರ್ಥಿಗಳಿಗೆ ನನ್ನ ಸಲಹೆ ನೇರವಾದದ್ದು. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಮೆಮೊರಿ ಇದ್ದರೆ ವಿಎಸ್ ಕೋಡ್‌ನಿಂದ ಶುರುಮಾಡಿ. ಹಳೆಯ, 4 ಜಿಬಿಯ ಯಂತ್ರವಾದರೆ ಬ್ರೌಸರ್ ಹೊತ್ತ ಎಡಿಟರ್ ಅದಕ್ಕೆ ಭಾರ; ಗೀನಿ ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಗುರ, ಕಲಿಯಲು ಧಾರಾಳ ಸಾಕು. ಯಾವುದನ್ನು ಆರಿಸಿದರೂ ವಿಮ್‌ಟ್ಯೂಟರ್ ಎಂಬ, ವಿಮ್ ಜೊತೆಗೇ ಬರುವ ಅರ್ಧ ಗಂಟೆಯ ಪಾಠ ಮುಗಿಸಿರಿ. ಸರ್ವರ್ ಮುಂದೆ ಕೂರುವ ದಿನ ಅದು ಬೇಕಾಗುತ್ತದೆ. ಎರಡನೇ ವರ್ಷದಲ್ಲಿ ಒಂದು ರಜೆ ಪೂರ್ತಿ ಈಮ್ಯಾಕ್ಸ್‌ನಲ್ಲೋ ನಿಯೋವಿಮ್‌ನಲ್ಲೋ ಕಳೆದು, ಸರಿಬಾರದಿದ್ದರೆ ಹಿಂದಿರುಗಿ.

ಇನ್ನು ಟರ್ಬೊ ಬಿಡದ ಲ್ಯಾಬ್‌ಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಬಿನ್ನಹ. ಜಿಸಿಸಿ ಕಂಪೈಲರ್‌ಗೆ ದುಡ್ಡಿಲ್ಲ, ಲಿನಕ್ಸ್‌ಗೂ ಇಲ್ಲ, ಇಲ್ಲಿ ಹೆಸರಿಸಿದ ಎಡಿಟರ್‌ಗಳಲ್ಲಿ ಹೆಚ್ಚಿನವಕ್ಕೂ ಇಲ್ಲ. ಪಠ್ಯಕ್ರಮದಲ್ಲಿ ಭಾಷೆಯ ಯಾವ ಮಾನದಂಡ ಎಂಬುದನ್ನು ನಿಗದಿ ಮಾಡಿ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಒಂದೊಂದು ಕಂಪ್ಯೂಟರ್‌ನಲ್ಲೂ ಎರಡು ಮೂರು ಎಡಿಟರ್ ಹಾಕಿಡಿ, ಆಯ್ಕೆ ಮಕ್ಕಳದಾಗಿರಲಿ. ಅಂಕ ಕೊಡುವಾಗ ಪ್ರೋಗ್ರಾಮು ಜಿಸಿಸಿಯಲ್ಲಿ ಎಚ್ಚರಿಕೆಗಳಿಲ್ಲದೆ ಕಂಪೈಲ್ ಆಯಿತೇ ಎಂದು ನೋಡಿ.